ಕೈ ಬಿಟ್ಟರೆ ನಿಲ್ಲುವ ದೋಣಿ

ಬಂಗಾರಪೇಟೆ
23-7-1962, ಸೋಮವಾರ

ಶ್ರೀನಿವಾಸಪ್ಪನಿಗೆ ನಿನ್ನ ತಾಯಿ ಅಮ್ಮಾಜಮ್ಮ ಬರೆಯುವುದು.

ಚಿರಂಜೀವಿ ಎಂಬ ಪದವನ್ನು ಮರೆತು ಬಿಟ್ಟಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ನೀನು ನೂರು ವರ್ಷ ಬಾಳಬೇಕೆಂದು ದಿನಾ ದೇವರ ಮುಂದೆ ಹೇಳಿಕೊಳ್ಳುತ್ತೇನೆ, ಅದು ನನಗೂ ದೇವರಿಗೂ ಸೇರಿದ ಮಾತು. ಆ ಪದವನ್ನು ಮೇಲೆ ಬರೆದುಬಿಟ್ಟರೆ ಮುಂದಿನದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಸುಮಾರು. ಇಷ್ಟು ಸಾಕು.

ಹೋದ ತಿಂಗಳು ನೀನು ಮಂಗಳೂರಿನಿಂದ ಕಳಿಸಿದ ದಪ್ಪ ಕವರು ತಲುಪಿತು. ಅದರಲ್ಲಿ ನಿನ್ನ ಫೋಟೋ ಇತ್ತು. ಕೊರಳಿಗೆ ಸುಗಂಧರಾಜದ ಹಾರ ಹಾಕಿಕೊಂಡು, ದೋಣಿ ಕಟ್ಟುವ ಯಾರ್ಡಿನ ಯಜಮಾನರ ಪಕ್ಕದಲ್ಲಿ ನಿಂತಿದ್ದೀಯೆ. ನೀಲಿ ಕಾಗದದ ನಕ್ಷೆ ಇತ್ತು. ಕಲ್ಕತ್ತೆಯ ಪೇಟೆಂಟ್ ಕಚೇರಿಯವರು ಒಪ್ಪಿಕೊಂಡ ಅರ್ಜಿಯ ಪ್ರತಿ ಇತ್ತು. ಮೋಟಾರು ದೋಣಿ ನಡೆಸುವವನು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಂತು, ದೋಣಿ ತಾನೇ ಅವನ ಕಡೆಗೆ ತಿರುಗುವ ಸಾಧನ. ಕಂಡುಹಿಡಿದವರು ಕೆ. ಎಂ. ಶ್ರೀನಿವಾಸಪ್ಪ, ಡ್ರಾಫ್ಟ್ಸ್‌ಮನ್. ಶ್ರಾವಣದ ಹುಣ್ಣಿಮೆಗೆ ಸಮುದ್ರಪೂಜೆ ಮುಗಿಸಿ ನಿಮ್ಮ ಯಾರ್ಡಿನ ಹನ್ನೆರಡು ಮೀನು ದೋಣಿಗಳು ನೀರಿಗಿಳಿಯುವಾಗ ಹನ್ನೆರಡರಲ್ಲೂ ಈ ಸಾಧನ ಇರುತ್ತದೆಂದು ಬರೆದಿದ್ದೆ. ಇದಕ್ಕೆ ಕಟ್ಟು ಹಾಕಿಸಿ ಅಪ್ಪನ ಫೋಟೋ ಪಕ್ಕ ತೂಗುಹಾಕು ಎಂದೂ ಬರೆದಿದ್ದೆ. ಹಾಕಿಲ್ಲ. ಅಕ್ಕಿ ಡಬ್ಬದ ಕೆಳಗೆ ಇದೆ.

ನಾಲ್ಕು ಪುಟದ ಆ ಪತ್ರದಲ್ಲಿ ನಿನ್ನ ತಮ್ಮ ಕದಿರಪ್ಪನ ಹೆಸರು ಒಂದೇ ಕಡೆ ಇತ್ತು. ಕದಿರಪ್ಪ ಚೆನ್ನಾಗಿದ್ದಾನೆಯೇ ಎಂದು ಕೇಳಿದ್ದೆ.

ಸಮುದ್ರದ ಗಾಳಿಗೆ ನಿನಗೆ ಮರೆವು ಬಂದಿರಬಹುದು. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ. ಓದು.

ನಿನ್ನ ಚಿಕ್ಕಪ್ಪ ಚಿಕ್ಕಮುನಿಯಪ್ಪ ಬೇತಮಂಗಲದ ಕೆರೆಯಲ್ಲಿ ಸತ್ತು ಎರಡೂವರೆ ವರ್ಷವಾಯಿತು. ಕೆರೆಯ ಜೊಂಡು ಎಳೆಸಲು ಒಬ್ಬ ಕಂಟ್ರಾಕ್ಟರು ತಂದಿದ್ದ ಡೀಸೆಲ್ ದೋಣಿಯನ್ನು ಅವನು ನಡೆಸುತ್ತಿದ್ದ. ನೀರೊಳಗಿನ ಮೋಟಿಗೆ ದೋಣಿ ತಾಕಿತು, ಇವನು ಆಚೆಗೆ ಬಿದ್ದ. ದೋಣಿ ನಿಲ್ಲಲಿಲ್ಲ. ಆಚೆ ದಡದ ಕಲ್ಲಿಗೆ ಹೋಗಿ ಗುದ್ದಿಕೊಳ್ಳುವ ತನಕ ಡಬಡಬ ಎಂದು ಓಡುತ್ತಲೇ ಇತ್ತು. ಜೊಂಡಿನಲ್ಲಿ ಕಾಲು ಸಿಕ್ಕಿಕೊಂಡಿದ್ದವನಿಗೆ ಹಿಡಿದುಕೊಳ್ಳಲು ಒಂದು ಹಲಗೆ ಸಿಗಲಿಲ್ಲ. ಅದು ಯಾರ ತಪ್ಪೂ ಅಲ್ಲ ಎಂದು ಪಂಚನಾಮೆಯವರು ಬರೆದುಕೊಂಡರು. ಅದು ನಿಜವೇ. ನೀನು ಆಗ ಮಂಗಳೂರಿನಿಂದ ಬಂದು ಹನ್ನೊಂದನೆಯ ದಿನ ಮುಗಿಸಿಕೊಂಡು ಹೋದೆ. ಆದ್ದರಿಂದ ಚಿಕ್ಕಮ್ಮ ಮಾರಿಯಮ್ಮ ಕೇಳಿದ ಮಾತು ನಿನ್ನ ಕಿವಿಗೆ ಬಿದ್ದಿಲ್ಲ. ಒಂದು ಬೆಳಿಗ್ಗೆ ನನ್ನ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ತಲೆ ಎತ್ತದೆ ಕೇಳಿದಳು:

"ಅಕ್ಕಾ, ಮನ್ಸ ಬಿದ್ದೋದ್ದು ಆ ಮಿಸನ್ನಿಗೆ ಗೊತ್ತೇ ಆಗ್ಲಿಲ್ವಾ?"

ಬಾಗಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ ಕದಿರಪ್ಪ ಕಟ್ಟುವುದನ್ನು ನಿಲ್ಲಿಸಿದ. ಆವತ್ತು ಗಣಿಗೆ ಹೋಗುವ ಉರಿಗಾಂ ರೈಲು ತಪ್ಪಿಸಿಕೊಂಡ. ಎಂಟು ವರ್ಷದ ನೌಕರಿಯಲ್ಲಿ ಅವನು ರೈಲು ತಪ್ಪಿಸಿಕೊಂಡದ್ದು ಅದೊಂದೇ ದಿನ.

ಮರುದಿನದಿಂದ ನನ್ನನ್ನು ನಿಮ್ಮ ಅಪ್ಪನ ಎಂಜಿನ್ನಿನ ಬಗ್ಗೆ ಕೇಳಲು ಶುರುಮಾಡಿದ. ಮೈಸೂರು ಮೈನ್ಸಿನ ಚಿನ್ನದ ಗಣಿಯಲ್ಲಿ ನಿಮ್ಮಪ್ಪ ಜನರನ್ನು ಕೆಳಗಿಳಿಸುವ ತೊಟ್ಟಿಲಿನ ಎಂಜಿನ್ ನಡೆಸುತ್ತಿದ್ದದ್ದು ನಿನಗೆ ಗೊತ್ತು. ಅದು ಅವರು ಹಿಡಿ ಒತ್ತಿ ಹಿಡಿದಿದ್ದರೆ ಮಾತ್ರ ಓಡುವಂಥದು. ತಲೆ ಸುತ್ತಿ ಬಿದ್ದು ಕೈ ಜಾರಿದರೆ ಬ್ರೇಕು ತಾನೇ ಬಿದ್ದು ತೊಟ್ಟಿಲು ನಡುವೆ ನಿಲ್ಲುತ್ತಿತ್ತು. ನೀವಿಬ್ಬರೂ ಚಿಕ್ಕವರಿದ್ದಾಗ ಅವರು ಲಟ್ಟಣಿಗೆ ಹಿಡಿದು ಇದನ್ನು ಮಾಡಿ ತೋರಿಸುತ್ತಿದ್ದರು. ನೀನು ನಕ್ಕು ಓಡಿಹೋಗುತ್ತಿದ್ದೆ. ಅವನು ಕೂತು ನೋಡುತ್ತಿದ್ದ. ಬಾವಿಯಂಥ ಗುಂಡಿಯಲ್ಲಿ ನಲವತ್ತು ಜನರಿಗೆ ಇರುವ ರಕ್ಷಣೆ ಕೆರೆಯಲ್ಲಿ ಒಬ್ಬನಿಗೆ ಯಾಕಿಲ್ಲ ಎಂದು ಅವನು ಕೇಳಿದ. ಕೇಳಿದವನು ಅವನು. ನೀನಲ್ಲ.

ಮಾಡಿದವನೂ ಅವನೇ. ಚುಕ್ಕಾಣಿಯ ಹಿಡಿಯ ಕೆಳಗೆ ಸೈಕಲ್ ಬ್ರೇಕಿನಂಥ ಇನ್ನೊಂದು ಸಣ್ಣ ಹಿಡಿ. ಒತ್ತಿ ಹಿಡಿದಿರುವ ತನಕ ಎಂಜಿನ್ ಓಡಬೇಕು. ಕೈ ಬಿಟ್ಟರೆ ಒಂದು ಸ್ಪ್ರಿಂಗು ತಂತಿ ಎಳೆದು ಡೀಸೆಲ್ ನಿಲ್ಲಿಸಬೇಕು, ಇನ್ನೊಂದು ಸ್ಪ್ರಿಂಗು ಚುಕ್ಕಾಣಿಯನ್ನು ಪಕ್ಕಕ್ಕೆ ತಳ್ಳಬೇಕು. ದೋಣಿ ದೂರ ಹೋಗದೆ ಬಿದ್ದವನ ಹತ್ತಿರಕ್ಕೆ ಬಾಗಿ ಬಂದು ಸುಮ್ಮನಾಗಬೇಕು. ಅವನ ಜೊತೆಗೆ ಗಣಿಯ ವರ್ಕ್‌ಷಾಪಿನ ಕುಪ್ಪುಸ್ವಾಮಿ ಒಬ್ಬನೇ ಇದ್ದದ್ದು. ಅವನು ಸ್ಪ್ರಿಂಗು ಹದ ಮಾಡಿಕೊಡುತ್ತ, "ಏನ್ ತಂಬಿ, ಸುರಂಗದಾಗೆ ಸಮುದ್ರ ಸಿಕ್ತಾ? ಹಡಗು ಕಟ್ಟಕ್ಕೆ ಒಂಟಿದ್ದೀಯಾ?" ಎಂದು ಗೇಲಿ ಮಾಡುತ್ತಿದ್ದನಂತೆ. ಗೇಲಿ ಮಾಡಿದರೂ ಭಾನುವಾರಗಳನ್ನೆಲ್ಲ ಕೊಟ್ಟ. ಕೆಲಸವೆಲ್ಲ ನಡೆದದ್ದು ನಮ್ಮ ಹಿತ್ತಲಿನಲ್ಲಿ. ತಂತಿ ಹಳೆಯ ಸೈಕಲ್ಲಿನದು, ಹಿತ್ತಾಳೆ ನನ್ನ ಒಡೆದ ಕೊಳಗದ್ದು. ಗಣಿಯ ಒಂದು ಮೊಳೆಯೂ ಅದರಲ್ಲಿ ಇಲ್ಲ.

ಮೊದಲ ಪರೀಕ್ಷೆಗೆ ಬೇತಮಂಗಲಕ್ಕೆ ನಾನೂ ಹೋಗಿದ್ದೆ. ಆಗ ಅವನು ಕಂಟ್ರಾಕ್ಟರನ್ನು ಕೇಳಿ ಪಡೆದ ಅದೇ ದೋಣಿಯಲ್ಲಿ ತಂತಿಯನ್ನು ಡೀಸೆಲ್ ಟ್ಯಾಂಕಿನ ನಲ್ಲಿಗೆ ಕಟ್ಟಿದ್ದ. ಕೈ ಬಿಟ್ಟರೆ ನಲ್ಲಿ ಮುಚ್ಚಿಕೊಳ್ಳುವ ಹಾಗೆ. ಕೆರೆ ಏರಿಯ ಮೇಲೆ ನಾನು, ಮಾರಿಯಮ್ಮ, ಹರಗೋಲಿನಲ್ಲಿ ಕುಪ್ಪುಸ್ವಾಮಿ. ನಡು ನೀರಿನಲ್ಲಿ ಕದಿರಪ್ಪ ಹಿಡಿ ಬಿಟ್ಟು ಕೆರೆಗೆ ಹಾರಿದ. ನಲ್ಲಿ ಮುಚ್ಚಿಕೊಂಡಿತು, ಚುಕ್ಕಾಣಿ ತಿರುಗಿತು. ಎಂಜಿನ್ ನಿಲ್ಲಲಿಲ್ಲ. ಕೊಳವೆಯಲ್ಲಿ, ಫಿಲ್ಟರಿನ ಬಟ್ಟಲಿನಲ್ಲಿ ಉಳಿದಿದ್ದ ಡೀಸೆಲ್ಲಿನಿಂದ ಓಡುತ್ತಲೇ ಇತ್ತು. ನಾನು ಎಣಿಸುತ್ತಿದ್ದೆ, ಎಣಿಸು ಎಂದು ಅವನೇ ಹೇಳಿದ್ದ. ಇಪ್ಪತ್ತು ಎಣಿಸುವಷ್ಟರಲ್ಲಿ ದೋಣಿ ಸುತ್ತು ಹಾಕಿ ನೇರವಾಗಿ ಅವನ ಮೇಲೆ ಬಂತು, ಹಿಂದೆ ನೀರು ಕಡೆಯುವ ಪಂಖವೂ ತಿರುಗುತ್ತಿತ್ತು. ಅವನು ಮುಳುಗಿದ. ಅದು ಮೇಲೆ ಹಾದುಹೋಯಿತು. ಮತ್ತೆ ಎದ್ದ, ಅದು ಮತ್ತೆ ಬಂತು. ಎಪ್ಪತ್ತಕ್ಕೆ ಎಂಜಿನ್ ನಿಂತಿತು. ನಾನು ಎಪ್ಪತ್ತರ ತನಕ ಎಣಿಸಿದೆನೆಂದು ಅವರೆಲ್ಲ ಆಮೇಲೆ ಹೇಳಿದರು. ನನಗೆ ನೆನಪಿರುವುದು ಮಾರಿಯಮ್ಮ ನನ್ನ ಸೆರಗು ಹಿಡಿದು ಎಳೆಯುತ್ತಿದ್ದದ್ದು. ನಾನು ಆಗಲೇ ಸೊಂಟದ ತನಕ ನೀರಿನಲ್ಲಿದ್ದೆನಂತೆ. ನನಗೆ ಈಜು ಬರುವುದಿಲ್ಲ.

ಅವನು ಮೇಲೆ ಬಂದು ತಲೆ ಒರೆಸಿಕೊಳ್ಳುತ್ತ ಹೇಳಿದ್ದು, ನಲ್ಲಿ ತಪ್ಪು ಜಾಗ, ಎಂಜಿನ್ನಿನ ಪಕ್ಕದ ಪಂಪಿನಲ್ಲೇ ನಿಲ್ಲಿಸಬೇಕು ಎಂದು. ನಾಲ್ಕು ತಿಂಗಳು ಹಿಡಿಯಿತು. ತಂತಿಯನ್ನು ಪಂಪಿನ ಮೇಲಿನ ನಿಲ್ಲಿಸುವ ಕಡ್ಡಿಗೆ ಕಟ್ಟಿದ. ಎರಡನೆಯ ಪರೀಕ್ಷೆಗೆ ಹೋಗಬಾರದೆಂದಿದ್ದೆ, ಹೋದೆ. ಮೂರು ಎಣಿಸುವಷ್ಟರಲ್ಲಿ ಶಬ್ದ ನಿಂತಿತು. ದೋಣಿ ಇದ್ದ ವೇಗದಲ್ಲೇ ಸುಮ್ಮನೆ ಬಾಗಿ ಬಂದು ಅವನಿಂದ ಎರಡು ಮಾರು ದೂರದಲ್ಲಿ ನಿಂತುಕೊಂಡಿತು. ಅವನು ಅದರ ಅಂಚು ಹಿಡಿದುಕೊಂಡು ನಮ್ಮ ಕಡೆ ಕೈ ಎತ್ತಿದ.

ಇಷ್ಟರಲ್ಲಿ ನೀನು ಎಲ್ಲಿದ್ದೆ? ಮಂಗಳೂರಿನಲ್ಲಿ. ನೀನು ಮಾಡಿದ್ದೇನು? ತಮ್ಮ ರೂಲು ಪುಸ್ತಕದ ಹಾಳೆಯಲ್ಲಿ ಬರೆದು ಕಳಿಸಿದ್ದನ್ನು ಅಂದವಾಗಿ ಎಳೆದೆ. ಅದೂ ಒಂದು ಕೆಲಸ, ಅದನ್ನು ನಾನು ಹೀಗಳೆಯುವುದಿಲ್ಲ. ನಿಮ್ಮಪ್ಪ ಹೋದಾಗ ಗಣಿಯವರು ಮನೆಗೆ ಒಂದು ಕೆಲಸ ಕೊಡುತ್ತೇವೆಂದರು. ನೀನು ಪಾಲಿಟೆಕ್ನಿಕ್ಕು ಮುಗಿಸಲಿ ಎಂದು ಹದಿನೇಳು ವರ್ಷದ ಅವನು ಒಳಗೆ ಹೋದ. ನಿನಗೆ ಗೆರೆ ಎಳೆಯಲು ಬಂದದ್ದು ಹಾಗೆ.

ಇನ್ನು ಹೆಸರಿನ ವಿಷಯ. ಇಲ್ಲಿ ನನ್ನ ತಪ್ಪು ಇದೆ, ಬಚ್ಚಿಡುವುದಿಲ್ಲ. ಅರ್ಜಿ ಯಾರ ಹೆಸರಿನಲ್ಲಿ ಹಾಕಿಸಲಿ ಎಂದು ಕದಿರಪ್ಪ ನನ್ನನ್ನು ಕೇಳಿದ. ಅಣ್ಣನ ಹೆಸರಿನಲ್ಲಿ ಹಾಕಿಸು ಎಂದೆ. ನಮ್ಮ ಮನೆಯಲ್ಲಿ ಯಾವುದು ತಾನೇ ಹಿರಿಯನ ಹೆಸರಿನಲ್ಲಿ ಇಲ್ಲ? ಮನೆಯ ಖಾತೆ ನಿನ್ನ ಹೆಸರು. ನೀನು ಇಲ್ಲಿ ಉಣ್ಣದಿದ್ದರೂ ರೇಷನ್ ಕಾರ್ಡು ನಿನ್ನ ಹೆಸರು. ಅವನು ತುಳಿಯುವ ಸೈಕಲ್ಲಿನ ಲೈಸೆನ್ಸು ಸಹ ನಿನ್ನದೇ ಹೆಸರಿನಲ್ಲಿದೆ. ಇದೂ ಅಂಥದೇ ಒಂದು ಕಾಗದ ಎಂದುಕೊಂಡೆ. ಇನ್ನೊಂದು ಹೆದರಿಕೆಯೂ ಇತ್ತು. ಗಣಿಯಲ್ಲಿ ಕೆಲಸ ಮಾಡುವವನು ಹಿತ್ತಾಳೆಯ ಸಾಮಾನು ಮಾಡಿದನೆಂದರೆ, ಗೇಟಿನಲ್ಲಿ ದಿನಾ ಮೈ ತಡವಿ ಬಿಡುವವರು ಕೊಳಗದ ಕತೆಯನ್ನು ನಂಬುತ್ತಾರೆಯೇ? ಅದಕ್ಕೆ ಹಿರಿಯ ಮಗನ ಹೆಸರು ಇರಲಿ ಎಂದೆ. ಅವನು ಒಂದು ಮಾತೂ ಎದುರಾಡಲಿಲ್ಲ.

ಆ ಅರ್ಜಿಯಲ್ಲಿ ಒಂದು ಸಾಲು ಇದೆಯೆಂದು ನನಗೆ ಆಗ ತಿಳಿದಿರಲಿಲ್ಲ. ನೀನು ಕಳಿಸಿದ ಪ್ರತಿಯನ್ನು ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ, ಮೂರು ಮಧ್ಯಾಹ್ನ ಕೂತು ಓದಿದೆ. ಇದನ್ನು ನಿಜವಾಗಿ ಮೊದಲು ಕಂಡುಹಿಡಿದವನು ನಾನೇ ಎಂದು ಪ್ರಮಾಣ ಮಾಡುತ್ತೇನೆ ಎಂದಿದೆ. ರೇಷನ್ ಕಾರ್ಡಿನಲ್ಲಿ ಯಾರೂ ಪ್ರಮಾಣ ಮಾಡಿಸುವುದಿಲ್ಲ ಶ್ರೀನಿವಾಸಪ್ಪ. ನಾನು ಓದದೆ ಹೇಳಿದೆ. ನೀನು ಓದಿ ಸಹಿ ಮಾಡಿದೆ. ಒಂದು ಸಾಲು ಬರೆದು, ಅಮ್ಮಾ, ಇದರಲ್ಲಿ ತಮ್ಮನ ಹೆಸರೇ ಇರಬೇಕು ಎಂದಿದ್ದರೆ ನಾನು ಬೇಡ ಎನ್ನುತ್ತಿದ್ದೆನೇ?

ಇಷ್ಟೇ ಆಗಿದ್ದರೆ ನಾನು ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಿದ್ದೆ. ಹೆಸರು ಕದ್ದ ಮಗನನ್ನೂ ತಾಯಿ ಮಗನೆಂದೇ ಕರೆಯುತ್ತಾಳೆ. ಆದರೆ ನಕ್ಷೆಯನ್ನು ಕದಿರಪ್ಪ ನೋಡಿದ. ಚಿಮಣಿಯ ಗಾಜು ಒರೆಸುತ್ತಿದ್ದವನು ಅದನ್ನು ಕೆಳಗಿಟ್ಟು ಎರಡು ಸಲ ನೋಡಿದ.

"ಅಮ್ಮಾ, ಇದು ಮೊದ್ಲು ಮಾಡಿದ್ದು. ನಾವು ಬಿಟ್ಟಾಕಿದ್ದು."

ನಾನೂ ನೋಡಿದೆ. ತಂತಿ ಟ್ಯಾಂಕಿನ ನಲ್ಲಿಗೆ ಹೋಗಿದೆ. ಚುಕ್ಕಾಣಿಯ ಸ್ಪ್ರಿಂಗೂ ಇದೆ. ನನ್ನ ಮಗನ ಮೇಲೆ ಸುತ್ತಿ ಸುತ್ತಿ ಬಂದ ಆ ದೋಣಿಯನ್ನೇ ನೀನು ಅಂದವಾಗಿ ಎಳೆದು, ಹಾರ ಹಾಕಿಸಿಕೊಂಡು, ಹನ್ನೆರಡು ಕಡೆ ಕೂರಿಸಲು ಹೊರಟಿದ್ದೀಯೆ. ಪಂಪಿನ ವಿಷಯ ಬರೆದ ಅವನ ಎರಡನೆಯ ಪತ್ರವನ್ನು ನೀನು ಒಡೆದು ನೋಡಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿದ್ದರೂ ತಿಳಿಯಲಿಲ್ಲ. ಕಂಡುಹಿಡಿದವನಾಗಿದ್ದರೆ ತಿಳಿಯುತ್ತಿತ್ತು.

ಅವನು ಅವತ್ತೇ ನಿನಗೆ ಬರೆದ. ಮುಚ್ಚಿದ ಪತ್ರದಲ್ಲಿ ಬರೆದ, ನಿನ್ನ ಯಾರ್ಡಿನವರ ಕಣ್ಣಿಗೆ ಬೀಳದಿರಲಿ ಎಂದು. ನೀನು ಉತ್ತರವನ್ನು ಕಾರ್ಡಿನಲ್ಲಿ ಬರೆದೆ. ಪೋಸ್ಟ್‌ಮನ್ ಮುನಿಶಾಮಪ್ಪ ನಮ್ಮ ಬೀದಿಯ ಕಾರ್ಡುಗಳನ್ನೆಲ್ಲ ದಾರಿಯಲ್ಲೇ ಓದಿಕೊಂಡು ಬರುತ್ತಾನೆ, ಅದು ನಿನಗೆ ಗೊತ್ತಿಲ್ಲದ್ದಲ್ಲ. ನಮ್ಮ ಬಾಗಿಲಿಗೆ ಬಂದಾಗ ಅವನ ಮುಖ ನೋಡಬೇಕಿತ್ತು.

"ದೊಡ್ಡೋರು ಬಿಸಿಯಾಗವ್ರೆ ಕಣಮ್ಮ," ಎಂದು ಕಾರ್ಡನ್ನು ಮಗುಚಿ ಕೊಟ್ಟ.

ವರ್ಕ್‌ಷಾಪಿನಲ್ಲಿ ಅರ ಹಿಡಿದು ಉಜ್ಜುವವರು ನಕ್ಷೆಯ ವಿಷಯಕ್ಕೆ ತಲೆ ಹಾಕಬಾರದು ಎಂದು ಬರೆದಿದ್ದೆ. ಇಲ್ಲಿ ನನಗೊಂದು ಮರ್ಯಾದೆ ಇದೆ, ಅದನ್ನು ಕೆಡಿಸಬೇಡ ಎಂದು ಬರೆದಿದ್ದೆ. ಸಂಜೆ ರೈಲಿನಿಂದ ಇಳಿದು ಬರುವಷ್ಟರಲ್ಲಿ ಟೀ ಅಂಗಡಿಯವನು ಕದಿರಪ್ಪನಿಗೆ ಅರದ ಮಾತು ಹೇಳಿ ನಕ್ಕಿದ್ದಾನೆ. ಅವನು ಮನೆಗೆ ಬಂದು ಕಾರ್ಡು ಓದಿ ಗೂಡಿನಲ್ಲಿಟ್ಟ. ನಾನು ಬಾಯಿಗೆ ಬಂದದ್ದು ಅಂದೆ. ಅವನು ನಿನ್ನ ಪರ ನಿಂತ. ಕೆಲಸದ ಬಿಸಿಯಲ್ಲಿ ಬರೆದಿರಬಹುದು, ಯಜಮಾನರು ಪಕ್ಕದಲ್ಲೇ ಇದ್ದಿರಬಹುದು ಎಂದ. ಹೆಸರಿನ ಮಾತು ನಾನು ಎತ್ತಿದ್ದಕ್ಕೆ, "ಓಗ್ಲಿ ಬಿಡಮ್ಮ, ಅಣ್ಣನ ಎಸ್ರು ಬೇರೆ ನನ್ನ ಎಸ್ರು ಬೇರೇನಾ? ಆ ನಲ್ಲಿ ಒಂದು ತೆಗೆದಾಕ್ಲಿ, ಸಾಕು," ಎಂದ.

ಅವನಿಗೆ ಅಷ್ಟು ಸಾಕು. ನನಗೆ ಸಾಲದು. ಯಾಕೆಂದರೆ ನೀನು ಅಷ್ಟನ್ನೂ ಮಾಡುವುದಿಲ್ಲ. ನಲ್ಲಿ ತೆಗೆಯಬೇಕಾದರೆ ನಕ್ಷೆ ತಪ್ಪು ಎನ್ನಬೇಕು. ತಪ್ಪು ಎಂದರೆ ಸರಿ ಯಾವುದು ಎಂದು ಯಜಮಾನರು ಕೇಳುತ್ತಾರೆ. ಪಂಪಿನ ಕಡ್ಡಿಗೆ ತಂತಿ ಎಷ್ಟು ಬಿಗಿ, ಸ್ಪ್ರಿಂಗು ಎಷ್ಟು ಸುತ್ತು ಎಂದು ಕೇಳುತ್ತಾರೆ. ನಿನಗೆ ಗೊತ್ತಿಲ್ಲ. ಗೊತ್ತಿರುವವನನ್ನು ತೋರಿಸಬೇಕು. ಅವನನ್ನು ತೋರಿಸಿದರೆ ಹಾರ ಇಳಿಯುತ್ತದೆ. ನಿನ್ನ ಲೆಕ್ಕ ನನಗೆ ಅರ್ಥವಾಗಿದೆ. ಒಂದು ಹಾರದ ಕಡೆಗೆ ನೋಡುತ್ತ ನೀನು ಸುಮ್ಮನಿದ್ದೀಯೆ, ಹುಣ್ಣಿಮೆಗೆ ಇನ್ನು ಮೂರು ವಾರ.

ನಿನ್ನ ಯಾರ್ಡಿನ ದೋಣಿಗಳಲ್ಲಿ ಹೋಗುವ ಬೆಸ್ತರಿಗೆ ಈಜು ಬರುತ್ತದೆ ಎಂದು ನೀನು ಅಂದುಕೊಂಡಿರಬಹುದು. ಬರುತ್ತದೆ. ಕದಿರಪ್ಪನಿಗೂ ಬರುತ್ತದೆ. ಅವನಿಗೆ ಎಪ್ಪತ್ತರ ತನಕ ಉಸಿರು ಇತ್ತು, ಕೆರೆಯಲ್ಲಿ ಅಲೆ ಇರಲಿಲ್ಲ, ಬಲೆಯೂ ಕಾಲಿಗೆ ಸುತ್ತಿಕೊಂಡಿರಲಿಲ್ಲ. ಒಬ್ಬ ಸತ್ತದ್ದರಿಂದ ಹುಟ್ಟಿದ ಸಾಧನ ಇದು. ಇದರಿಂದ ಇನ್ನೊಬ್ಬ ಸತ್ತರೆ ಮಾರಿಯಮ್ಮನಿಗೆ ನಾನು ಏನೆಂದು ಹೇಳಲಿ? ಆಗ ಅಚ್ಚಾದ ಕಾಗದದಲ್ಲಿ ಇರುವ ಹೆಸರು ನಿನ್ನದು. ಕೊಂದವನು ಕೆ. ಎಂ. ಶ್ರೀನಿವಾಸಪ್ಪ ಎಂದು ನಾನೇ ಓದಿಕೊಳ್ಳಬೇಕು.

ನೀನು ಮಾಡಬೇಕಾದದ್ದು ಹೀಗಿದೆ. ಈ ಪತ್ರ ಓದಿ ಮುಗಿಸಿದ ದಿನವೇ ಯಜಮಾನರ ಮುಂದೆ ನಿಂತು, ಇದನ್ನು ಮಾಡಿದವನು ನನ್ನ ತಮ್ಮ, ನಾನು ಎಳೆದದ್ದು ಅವನು ಬಿಟ್ಟುಹಾಕಿದ ಮಾದರಿ ಎಂದು ಹೇಳು. ಕೂರಿಸಿರುವ ನಲ್ಲಿಗಳನ್ನು ಕಳಚಿಸು. ಕದಿರಪ್ಪನನ್ನು ಕರೆಸಿಕೊಂಡು, ಅವನ ಕೈಯಿಂದ ಹನ್ನೆರಡನ್ನೂ ಸರಿಮಾಡಿಸು. ಕಲ್ಕತ್ತೆಗೂ ಬರೆ. ಅಲ್ಲಿನವರು ಕೇಳಿದರೆ, ಹಿರಿಯನ ಹೆಸರು ಹಾಕಿಸಿದ್ದು ತಾಯಿ ಎಂದು ನಾನು ಸಹಿ ಮಾಡಿ ಕೊಡುತ್ತೇನೆ. ಯಜಮಾನರು ನಿನ್ನನ್ನು ಕೆಲಸದಿಂದ ತೆಗೆಯಬಹುದು. ತೆಗೆಯಲಿ. ಬಂಗಾರಪೇಟೆಯಲ್ಲಿ ನಿನ್ನ ಖಾತೆಯ ಮನೆ ಇದೆ, ನಿನ್ನ ಹೆಸರಿನ ಅಕ್ಕಿ ಇದೆ, ಬಂದು ಉಣ್ಣು. ನಾನು ಬಡಿಸುತ್ತೇನೆ, ಒಂದು ಮಾತೂ ಆಡುವುದಿಲ್ಲ.

ಸುಮ್ಮನೆ ಕೂತೆಯೆಂದರೆ ಹುಣ್ಣಿಮೆಗೆ ಮೊದಲು ನಾನೇ ಬರುತ್ತೇನೆ. ನಿನ್ನ ಮನೆಗಲ್ಲ, ಯಾರ್ಡಿಗೆ. ನಿಮ್ಮ ಯಜಮಾನರು ಹೆಂಗಸರ ಮಾತು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಬೆಸ್ತರ ಹೆಂಗಸರು ಕೇಳುತ್ತಾರೆ.

ನಿನ್ನ ಹೆಂಡತಿಗೆ ಆಶೀರ್ವಾದ ತಿಳಿಸು. ಈ ಪತ್ರವನ್ನು ಅವಳಿಗೆ ತೋರಿಸುವುದೂ ಬಿಡುವುದೂ ನಿನಗೆ ಸೇರಿದ್ದು. ಕದಿರಪ್ಪನಿಗೆ ನಾನು ಹೀಗೆ ಬರೆದೆನೆಂದು ತಿಳಿಯಬಾರದು.

ಇಬ್ಬರನ್ನೂ ಹೆತ್ತ,
ಅಮ್ಮಾಜಮ್ಮ

ಮತ್ತೆ: ಕವರು ಅಂಟಿಸಿದವಳು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ತಮ್ಮನನ್ನು ಕರೆಸಿಕೋ ಎಂದು ಮೇಲೆ ಬರೆದೆ. ನೀನು ಕರೆಸಿಕೊಳ್ಳುತ್ತೀಯೆಂಬ ಧೈರ್ಯ ನನಗಿರಲಿಲ್ಲ. ಅದಕ್ಕೆ ನಿನ್ನೆ ಮಧ್ಯಾಹ್ನ ಅವನಿಗೆ ಮುದ್ದೆ ಬಡಿಸುತ್ತ ಹೇಳಿಬಿಟ್ಟೆ: ಅಣ್ಣನ ಪತ್ರ ಬಂದಿದೆ, ಕಾರ್ಡಿಗಾಗಿ ನೊಂದುಕೊಂಡಿದ್ದಾನೆ, ಯಜಮಾನರ ಮುಂದೆ ನಿನ್ನ ಹೆಸರು ಹೇಳಿದ್ದಾನೆ, ಬೇಗ ಬಾ ಎಂದಿದ್ದಾನೆ. ಎಲ್ಲವೂ ನಾನು ಕಟ್ಟಿದ್ದು. ಪತ್ರ ತೋರಿಸು ಎಂದು ಅವನು ಕೇಳಿದರೆ ಏನು ಮಾಡುವುದೆಂದು ಸಾರಿನ ಸೌಟು ಹಿಡಿದು ನಿಂತಿದ್ದೆ. ಕೇಳಲಿಲ್ಲ. "ನಂಗೊತ್ತಿತ್ತು ಕಣಮ್ಮ, ಅಣ್ಣ ಅಂತೋನಲ್ಲ," ಎಂದ. ಆಮೇಲೆ ಮುದ್ದೆ ಬಿಟ್ಟು ಎದ್ದು ರೂಲು ಪುಸ್ತಕ ಹುಡುಕಿದ. ಇವತ್ತು ರಜೆ ಸಿಕ್ಕಿದೆ. ಶನಿವಾರ ಜೋಲಾರ್‌ಪೇಟೆಯಲ್ಲಿ ಮಂಗಳೂರು ಮೇಲ್ ಹತ್ತುತ್ತಾನೆ, ಭಾನುವಾರ ಇಳಿಯುತ್ತಾನೆ. ನೀನು ಅಲ್ಲಿ ನಿಂತಿರುತ್ತೀಯೆಂದು ಅವನಿಗೆ ನಾನೇ ಹೇಳಿದ್ದೇನೆ. ಸ್ಟೇಷನ್ನಿಗೆ ಹೋಗು.